ಬೋರ್ ನೀರಿನ ಮನೆಗೆ ಎಂಥ ಕೆಟಲ್ ತರಬೇಕು?

ಹೊಸ ಕೆಟಲ್ ಮನೆಗೆ ಬಂದು ಹದಿನೈದು ದಿನ ಆಗಿರುವುದಿಲ್ಲ, ತಳದಲ್ಲಿ ಬಿಳಿ ಮಚ್ಚೆ ಕಾಣಿಸಿಕೊಳ್ಳುತ್ತದೆ. ತಿಂಗಳಾಗುವಷ್ಟರಲ್ಲಿ ಮಚ್ಚೆಗಳೆಲ್ಲ ಸೇರಿ ಪದರವಾಗುತ್ತವೆ. ಆಮೇಲೆ ಆ ಪದರ ಹಕ್ಕಳೆ ಎದ್ದು ಟೀ ಲೋಟದಲ್ಲಿ ತೇಲತೊಡಗುತ್ತದೆ. ಈ ಕಂಪನಿ ಸರಿ ಇಲ್ಲ ಅಂತ ಬೈದು ಬೇರೆ ಕಂಪನಿಯದು ತಂದರೆ ಅದರಲ್ಲೂ ಇದೇ ಕಥೆ. ನಿಜ ಹೇಳಬೇಕೆಂದರೆ ಇದರಲ್ಲಿ ಕೆಟಲ್‌ನ ತಪ್ಪೇನೂ ಇಲ್ಲ. ಗಡಸು ನೀರು ಹಾಕಿ ಕುದಿಸಿದರೆ ಐನೂರು ರೂಪಾಯಿಯ ಕೆಟಲ್‌ನಲ್ಲೂ ಉಪ್ಪು ಕಟ್ಟುತ್ತದೆ, ಐದು ಸಾವಿರದ್ದರಲ್ಲೂ ಕಟ್ಟುತ್ತದೆ.

ಹಾಗಾಗಿ ಅಂಗಡಿಯಲ್ಲಿ ನಿಂತಾಗ ನೋಡಬೇಕಾದದ್ದು ಇಷ್ಟೇ. ಕಟ್ಟಿದ ಉಪ್ಪು ಕಣ್ಣಿಗೆ ಕಾಣುತ್ತದಾ? ಕೈಗೆ ಸಿಗುತ್ತದಾ? ಸುಲಭವಾಗಿ ಬಿಡುತ್ತದಾ? ಬಣ್ಣ, ನೀಲಿ ಲೈಟು, ಡಿಸ್‌ಪ್ಲೇ ಎಲ್ಲ ಆಮೇಲಿನ ಮಾತು.

ಈ ಬಿಳಿ ಪದರ ಬರುವುದು ಹೇಗೆ?

ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಆಮ್ಲೀಯವಾಗುತ್ತದೆ. ಅದೇ ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಅವು ಬೈಕಾರ್ಬನೇಟ್ ಆಗಿ ಇರುವವರೆಗೆ ನೀರು ತಿಳಿಯಾಗಿಯೇ ಕಾಣುತ್ತದೆ. ಕಾಯಿಸಿದ ತಕ್ಷಣ ಲೆಕ್ಕ ಬದಲಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ, ಹಿಂದೆ ಉಳಿಯುವುದು ಕ್ಯಾಲ್ಸಿಯಂ ಕಾರ್ಬನೇಟ್. ಸುಣ್ಣದ ಕಲ್ಲು, ಮೊಟ್ಟೆಯ ಚಿಪ್ಪು ಎಲ್ಲದರಲ್ಲೂ ಇರುವುದು ಇದೇ ವಸ್ತು. ಇದು ನೀರಿನಲ್ಲಿ ಕರಗುವುದಿಲ್ಲ ಅಂದರೂ ನಡೆಯುತ್ತದೆ.

ಇದಕ್ಕೆ ಇನ್ನೊಂದು ವಿಚಿತ್ರ ಗುಣವಿದೆ. ಸಕ್ಕರೆ ಬಿಸಿ ನೀರಿನಲ್ಲಿ ಜಾಸ್ತಿ ಕರಗುತ್ತದೆ, ಅಲ್ವಾ? ಕ್ಯಾಲ್ಸಿಯಂ ಕಾರ್ಬನೇಟ್ ಅದಕ್ಕೆ ತದ್ವಿರುದ್ಧ. ಬಿಸಿ ಹೆಚ್ಚಾದಷ್ಟೂ ಕರಗುವುದು ಕಡಿಮೆ. ಅದಕ್ಕೇ ಕೆಟಲ್‌ನ ಗೋಡೆಗಿಂತ ತಳದಲ್ಲಿ ಪದರ ದಪ್ಪ. ಎಲ್ಲಿ ಅತಿ ಹೆಚ್ಚು ಬಿಸಿಯೋ ಅಲ್ಲೇ ಹೋಗಿ ಕೂರುತ್ತದೆ. ಗೀಸರ್‌ನ ಕಾಯಿಲ್ ಬಿಚ್ಚಿದಾಗ ಪ್ಲಂಬರ್ ತೋರಿಸುವ ಬಿಳಿ ಹೆಂಟೆಯೂ ಇದೇ.

ಶಾಲೆಯಲ್ಲಿ ತಾತ್ಕಾಲಿಕ ಗಡಸುತನ, ಶಾಶ್ವತ ಗಡಸುತನ ಅಂತ ಓದಿರುತ್ತೀರಿ. ಬೈಕಾರ್ಬನೇಟ್‌ನಿಂದ ಬರುವುದು ತಾತ್ಕಾಲಿಕ. ಸಲ್ಫೇಟ್, ಕ್ಲೋರೈಡ್‌ಗಳಿಂದ ಬರುವುದು ಶಾಶ್ವತ. ಎರಡನೆಯದು ಒಂದು ಸಲ ಕುದಿಸಿದ ಮಾತ್ರಕ್ಕೆ ತಳಕ್ಕೆ ಇಳಿಯುವುದಿಲ್ಲ. ಕೆಟಲ್‌ಗೆ ಕಾಟ ಕೊಡುವುದು ಮುಖ್ಯವಾಗಿ ಮೊದಲನೆಯದು.

ಎಷ್ಟು ಕಟ್ಟಬಹುದು ಅಂತ ಒಂದು ಲೆಕ್ಕ ಹಾಕೋಣ. ನಿಮ್ಮ ನೀರಿನಲ್ಲಿ ತಾತ್ಕಾಲಿಕ ಗಡಸುತನ ಲೀಟರ್‌ಗೆ 300 ಮಿ.ಗ್ರಾಂ ಇದೆ, ದಿನಕ್ಕೆ 3 ಲೀಟರ್ ಕುದಿಸುತ್ತೀರಿ ಅಂದುಕೊಳ್ಳಿ. ಎಲ್ಲವೂ ಹೊರಬಿದ್ದರೆ ದಿನಕ್ಕೆ 0.9 ಗ್ರಾಂ, ತಿಂಗಳಿಗೆ 27 ಗ್ರಾಂ. ಪೂರ್ತಿ ಹೊರಬೀಳುವುದಿಲ್ಲ, ಬಿದ್ದದ್ದರಲ್ಲೂ ಸ್ವಲ್ಪ ನೀರಿನ ಜೊತೆಗೇ ಲೋಟಕ್ಕೆ ಹೋಗುತ್ತದೆ. ಆದರೂ ತಿಂಗಳಲ್ಲಿ ಒಂದು ಚಮಚದಷ್ಟು ಸುಣ್ಣ ತಳದಲ್ಲಿ ಕೂತರೆ ಆಶ್ಚರ್ಯ ಇಲ್ಲ.

ನಿಮ್ಮ ಊರಿನ ನೀರು ಯಾವ ಬಗೆ?

ಮಂಗಳೂರು, ಉಡುಪಿ ಕಡೆಯವರಿಗೆ ಈ ಲೇಖನ ಅಷ್ಟಾಗಿ ಬೇಕಾಗಿಲ್ಲ. ಜೋರು ಮಳೆ, ಮುರಕಲ್ಲಿನ ನೆಲ. ಅಲ್ಲಿನ ಬಾವಿ ನೀರು ಸಾಮಾನ್ಯವಾಗಿ ಮೃದು. ಮಲೆನಾಡಿನಲ್ಲೂ ಹಾಗೆಯೇ. ಘಟ್ಟ ಹತ್ತಿ ಬಯಲುಸೀಮೆಗೆ ಬಂದರೆ ಕಥೆ ಬೇರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಆಳದ ಬೋರ್‌ವೆಲ್‌ಗಳಲ್ಲಿ ಸಾವಿರ ಅಡಿ ದಾಟಿ ಬಂಡೆಯೊಳಗಿನ ನೀರು ಎತ್ತುತ್ತಾರೆ. ಕಲಬುರಗಿ ಕಡೆ ನೆಲವೇ ಸುಣ್ಣದ ಕಲ್ಲು. ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಅದೇ. ಸೇಡಂ, ವಾಡಿ, ಮಳಖೇಡಗಳಲ್ಲಿ ಸಿಮೆಂಟ್ ಫ್ಯಾಕ್ಟರಿಗಳು ಬಂದದ್ದೂ ಆ ಕಲ್ಲಿಗಾಗಿಯೇ.

ಬೆಂಗಳೂರಿನದು ಕಲಬೆರಕೆ. ಕಾವೇರಿ ನೀರು ಬೋರ್ ನೀರಿಗಿಂತ ಎಷ್ಟೋ ಮೃದು. ಆದರೆ ಅಪಾರ್ಟ್‌ಮೆಂಟ್‌ನ ಸಂಪಿಗೆ ಕಾವೇರಿ, ಸ್ವಂತ ಬೋರ್, ಟ್ಯಾಂಕರ್ ಮೂರೂ ಬಂದು ಬೀಳುತ್ತವೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಕೆಟಲ್ ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ಬೆಳ್ಳಗಾದರೆ ಟ್ಯಾಂಕರ್ ನೀರು ಜಾಸ್ತಿ ಬಂದಿದೆ ಅಂತಲೇ ಅರ್ಥ.

ಕೆಲಸಕ್ಕೋ ಓದಿಗೋ ಲಂಡನ್‌ಗೆ ಹೋದ ನಮ್ಮವರಿಗೂ ಇದೇ ಅನುಭವ ಆಗುತ್ತದೆ. ಇಂಗ್ಲೆಂಡಿನ ಆಗ್ನೇಯ ಭಾಗದ ನೆಲದಡಿ ಸುಣ್ಣದ ಬಂಡೆ, ನಲ್ಲಿ ನೀರು ಗಡಸು. ಸ್ಕಾಟ್ಲೆಂಡಿಗೆ ಹೋದರೆ ಬಹುತೇಕ ಕಡೆ ಮೃದು.

ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರ್‌ಗೆ 200 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಸಿಗದಿದ್ದರೆ 600ರವರೆಗೂ ಒಪ್ಪಬಹುದು. ಕೆಟಲ್‌ನ ದೃಷ್ಟಿಯಿಂದ ನೋಡಿದರೆ 200 ದಾಟಿದರೇ ಪದರ ಕಾಣಲು ಶುರು. 400 ದಾಟಿದರೆ ಎರಡು ವಾರಕ್ಕೊಮ್ಮೆ ಕ್ಲೀನ್ ಮಾಡುವ ಕೆಲಸ ಖಾಯಂ.

ಅಳೆಯುವುದು ಹೇಗೆ? ಬಹಳ ಜನ ಟಿಡಿಎಸ್ ಮೀಟರ್ ಅದ್ದಿ ನೋಡುತ್ತಾರೆ. ಅದು ಕರಗಿರುವ ಎಲ್ಲ ಲವಣಗಳನ್ನೂ ಒಟ್ಟಿಗೆ ಅಂದಾಜಿಸುತ್ತದೆ, ಅಡುಗೆ ಉಪ್ಪೂ ಅದರಲ್ಲಿ ಸೇರುತ್ತದೆ. ಟಿಡಿಎಸ್ 800 ಇದ್ದ ನೀರೆಲ್ಲ ಒಂದೇ ರೀತಿ ಸುಣ್ಣ ಕಟ್ಟುವುದಿಲ್ಲ. ಸರಿಯಾಗಿ ತಿಳಿಯಬೇಕಾದರೆ ಗಡಸುತನ ಅಳೆಯುವ ಕಾಗದದ ಪಟ್ಟಿ ಅಥವಾ ಹನಿ ಹಾಕಿ ನೋಡುವ ಕಿಟ್ ತರಿಸಬೇಕು. ಅಷ್ಟೆಲ್ಲ ಬೇಡ ಅನ್ನುವವರಿಗೆ ಮನೆಯಲ್ಲೇ ಸುಳಿವು ಸಿಗುತ್ತದೆ. ತೊಗರಿಬೇಳೆ ಬೇಗ ಬೇಯುವುದಿಲ್ಲ. ಬಕೆಟ್ ಅಂಚಿನಲ್ಲಿ ಬಿಳಿ ಗೆರೆ. ಬಟ್ಟೆ ಸೋಪು ನೊರೆ ಕೊಡುವ ಬದಲು ಮೊಸರು ಮೊಸರಾಗುತ್ತದೆ. ಈ ಪರೀಕ್ಷೆಗೆ ನಿಜವಾದ ಸೋಪೇ ಬೇಕು. ಶಾಂಪೂ, ಡಿಟರ್ಜೆಂಟ್ ಪೌಡರ್ ಗಡಸು ನೀರಿನಲ್ಲೂ ನೊರೆ ಕೊಟ್ಟುಬಿಡುತ್ತವೆ.

ಪದರ ಕಟ್ಟಿದರೆ ಏನು ನಷ್ಟ?

ಕರೆಂಟ್ ಬಿಲ್ ಡಬಲ್ ಆಗುತ್ತದೆ ಅಂತ ಹೆದರಿಸುವವರಿದ್ದಾರೆ. ನಂಬಬೇಡಿ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ತರಲು ಸುಮಾರು 314 ಕಿಲೋಜೌಲ್ ಬೇಕು. ಯೂನಿಟ್ ಲೆಕ್ಕದಲ್ಲಿ 0.09ಕ್ಕಿಂತ ಸ್ವಲ್ಪ ಕಡಿಮೆ. 1500 ವ್ಯಾಟ್‌ನ ಕೆಟಲ್‌ಗೆ ಇದು ಮೂರೂವರೆಯಿಂದ ನಾಲ್ಕು ನಿಮಿಷದ ಕೆಲಸ. ತಳದಲ್ಲಿ ಪದರ ಇದ್ದರೂ ಕಾಯಿಲ್‌ನ ಶಾಖ ಕೊನೆಗೆ ಬಹುತೇಕ ನೀರಿಗೇ ಹೋಗಬೇಕು, ಬೇರೆಲ್ಲಿ ಹೋದೀತು? ತಳದ ಕೆಳಗಿನಿಂದ ಸ್ವಲ್ಪ ಸೋರಿಹೋಗುತ್ತದೆ, ಅಷ್ಟೇ.

ನಿಜವಾದ ಪೆಟ್ಟು ಬೀಳುವುದು ಕಾಯಿಲ್‌ಗೆ. ಈ ಸುಣ್ಣದ ಪದರ ಸ್ಟೇನ್‌ಲೆಸ್ ಸ್ಟೀಲಿಗಿಂತ ಸುಮಾರು ಹತ್ತು ಪಟ್ಟು ನಿಧಾನವಾಗಿ ಶಾಖ ದಾಟಿಸುತ್ತದೆ. ಬೇಸಿಗೆಯಲ್ಲಿ ಕಂಬಳಿ ಹೊದ್ದು ಓಡಿದ ಹಾಗೆ ಕಾಯಿಲ್‌ನ ಪರಿಸ್ಥಿತಿ. 12 ಸೆಂ.ಮೀ. ಅಗಲದ ತಳ, 1500 ವ್ಯಾಟ್, ಗಟ್ಟಿಯಾದ 1 ಮಿ.ಮೀ. ಪದರ ಅಂತ ಲೆಕ್ಕ ಹಾಕಿದರೆ, ಪದರದ ಕೆಳಗಿನ ಲೋಹ ಮೊದಲಿಗಿಂತ 80-90 ಡಿಗ್ರಿ ಜಾಸ್ತಿ ಬಿಸಿಯಾಗಬೇಕಾಗುತ್ತದೆ. ಇದು ಕಾಗದದ ಮೇಲಿನ ಅಂದಾಜು, ಆದರೆ ಪೆಟ್ಟು ಎಲ್ಲಿಗೆ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಇಷ್ಟು ಬಿಸಿಯಲ್ಲಿ ಕಾಯಿಲ್ ಬೇಗ ಸುಡುತ್ತದೆ, ಜಾಯಿಂಟ್‌ನ ರಬ್ಬರ್ ಸೆಟೆದು ನೀರು ಒಸರುತ್ತದೆ.

ಇಲ್ಲಿ ಕೆಟಲ್ ತಾನಾಗಿ ಆಫ್ ಆಗುವ ವ್ಯವಸ್ಥೆ ತಿಳಿದಿದ್ದರೆ ಒಳ್ಳೆಯದು. ಒಳಗೆ ಎರಡು ಕಾವಲುಗಾರರು ಇದ್ದಾರೆ. ನೀರು ಕುದಿದಾಗ ಹಬೆ ಒಂದು ಸಣ್ಣ ದಾರಿಯಲ್ಲಿ ಹಾದು ಎರಡು ಲೋಹ ಬೆಸೆದ ಒಂದು ಬಿಲ್ಲೆಗೆ ತಾಗುತ್ತದೆ. ಬಿಲ್ಲೆ ಟಕ್ ಅಂತ ಬಾಗಿ ಸ್ವಿಚ್ ಆರಿಸುತ್ತದೆ. ಇನ್ನೊಂದು ಬಿಲ್ಲೆ ತಳದ ಕೆಳಗಿರುತ್ತದೆ. ನೀರಿಲ್ಲದೆ ಆನ್ ಮಾಡಿದರೆ ತಳ ಕಾದು ಅದು ಕರೆಂಟ್ ಕಡಿಯುತ್ತದೆ. ಬ್ರಿಟನ್ ಬಳಿಯ ಐಲ್ ಆಫ್ ಮ್ಯಾನ್ ದ್ವೀಪದ ಸ್ಟ್ರಿಕ್ಸ್ ಕಂಪನಿ ಹೆಸರು ಮಾಡಿರುವುದೇ ಈ ಪುಟ್ಟ ಭಾಗದಿಂದ. ಕೆಟಲ್ ಯಾವುದೋ ಕಂಪನಿಯದು, ಒಳಗಿನ ಕಂಟ್ರೋಲ್ ಇನ್ಯಾರದೋ, ಹೀಗೆ ಇರುವುದು ಮಾಮೂಲು.

ಪದರ ದಪ್ಪವಾದಾಗ ಎರಡನೇ ಬಿಲ್ಲೆ ಮೋಸ ಹೋಗುತ್ತದೆ. ನೀರು ತುಂಬಿದ್ದರೂ ತಳ ವಿಪರೀತ ಕಾದಿರುವುದರಿಂದ, ಕೆಟಲ್ ಖಾಲಿ ಇದೆ ಅಂದುಕೊಂಡು ಕುದಿಯುವ ಮೊದಲೇ ಆಫ್ ಮಾಡುತ್ತದೆ. ನಿಮ್ಮ ಕೆಟಲ್ ಅರ್ಧಕ್ಕೇ ಟಕ್ ಅಂತ ಆರುತ್ತಿದ್ದರೆ ಸರ್ವಿಸ್ ಸೆಂಟರ್‌ಗೆ ಓಡುವ ಮುನ್ನ ತಳ ನೋಡಿ. ಅದೇ ಕೆಟಲ್ ಕುದಿದರೂ ಆರದೆ ಇದ್ದರೆ ಮುಚ್ಚಳ ಸರಿಯಾಗಿ ಕೂತಿಲ್ಲ, ಇಲ್ಲವೇ ಹಬೆ ಹೋಗುವ ದಾರಿ ಕಟ್ಟಿದೆ.

ಆರೋಗ್ಯದ ವಿಷಯಕ್ಕೆ ಬಂದರೆ, ಲೋಟಕ್ಕೆ ಬಿದ್ದ ಆ ಬಿಳಿ ಚೂರು ವಿಷವೇನಲ್ಲ. ನೀರಿನ ಗಡಸುತನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಕಾರಣಕ್ಕೆ ಯಾವ ಮಿತಿಯನ್ನೂ ಹಾಕಿಲ್ಲ. ನೋಡಲು ಅಸಹ್ಯ, ಟೀ ಮೇಲೆ ತೆಳು ಕೆನೆಯಂಥ ಪೊರೆ ಕಟ್ಟುತ್ತದೆ, ರುಚಿ ಮಂಕಾಗುತ್ತದೆ. ಲೆಮನ್ ಟೀಯಲ್ಲಿ ಆ ಪೊರೆ ಕಾಣುವುದಿಲ್ಲ. ಹುಳಿ ಅದನ್ನು ಕಟ್ಟಲು ಬಿಡುವುದಿಲ್ಲ.

ಕೊಳ್ಳುವಾಗ ಎಲ್ಲಿ ಕಣ್ಣಿಡಬೇಕು

ಮೊದಲು ತಳ. ಹಳೇ ಮಾದರಿಯಲ್ಲಿ ಕಾಯಿಲ್ ನೀರಿನೊಳಗೇ ಸುರುಳಿಯಾಗಿ ಕಾಣುತ್ತದೆ. ಸುರುಳಿಯ ಅಡಿಯಲ್ಲಿ, ಸಂದಿಯಲ್ಲಿ ಕಟ್ಟಿದ ಉಪ್ಪಿಗೆ ಬ್ರಷ್ ತಲುಪುವುದಿಲ್ಲ. ಈಗಿನ ಬಹುಪಾಲು ಕೆಟಲ್‌ಗಳಲ್ಲಿ ಕಾಯಿಲ್ ಸ್ಟೀಲ್ ತಟ್ಟೆಯ ಕೆಳಗೆ ಅಡಗಿರುತ್ತದೆ, ಒಳಗೆ ನೋಡಿದರೆ ಸಪಾಟು ತಳ. ಗಡಸು ನೀರಿನ ಮನೆಗೆ ಇದೇ ಬೇಕು. ಈ ಒಂದು ವಿಷಯದಲ್ಲಿ ರಾಜಿ ಬೇಡ.

ಆಮೇಲೆ ಬಾಯಿ. ಅಂಗಡಿಯಲ್ಲೇ ಮುಚ್ಚಳ ತೆಗೆದು ಕೈ ಒಳಗೆ ಹಾಕಿ. ಬೆರಳು ತಳದ ಮೂಲೆಗೆ ಮುಟ್ಟಬೇಕು. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ. ಕೆಲವು ಕೆಟಲ್‌ಗಳ ಮುಚ್ಚಳ 45 ಡಿಗ್ರಿಯಷ್ಟೇ ತೆರೆದು ನಿಲ್ಲುತ್ತದೆ, ಅಂಥವು ಬೇಡ. ಪೂರ್ತಿ ಹಿಂದಕ್ಕೆ ಬೀಳುವ ಅಥವಾ ಕೈಗೆ ಬಿಡಿಯಾಗಿ ಬರುವ ಮುಚ್ಚಳ ಒಳ್ಳೆಯದು. ಆನ್‌ಲೈನ್‌ನಲ್ಲಿ ತರಿಸುವವರು ಕಂಪನಿಯ ಫೋಟೋ ಬಿಟ್ಟು, ಕೊಂಡವರು ಹಾಕಿದ ಫೋಟೋಗಳಲ್ಲಿ ಒಳಭಾಗ ಹೇಗಿದೆ ನೋಡಬೇಕು. ಐದಾರು ತಿಂಗಳು ಬಳಸಿದ ಮೇಲೆ ಹಾಕಿದ ಫೋಟೋ ಸಿಕ್ಕರೆ ಇನ್ನೂ ಒಳ್ಳೆಯದು.

ಮೂರನೆಯದು ಗೋಡೆ ಮತ್ತು ತಳ ಸೇರುವ ಜಾಗ. ಅಲ್ಲಿ ಜಾಯಿಂಟ್ ಇದ್ದರೆ ಉಪ್ಪು ಅಡಗಿ ಕೂರುತ್ತದೆ, ಅದರ ಅಡಿಯಲ್ಲಿ ಕಂದು ಗೆರೆಯಾಗಿ ತುಕ್ಕು ಹಿಡಿಯುತ್ತದೆ. ಒಳಗಿನ ಪಾತ್ರೆ ಒಂದೇ ತುಂಡಿನದು ಆಗಿದ್ದರೆ ಈ ತಲೆನೋವಿಲ್ಲ. ಹೊರಗೆ ಪ್ಲಾಸ್ಟಿಕ್, ಒಳಗೆ ಸ್ಟೀಲ್ ಇರುವ ಎರಡು ಗೋಡೆಯ ಕೆಟಲ್‌ಗಳಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ. ಮಕ್ಕಳಿರುವ ಮನೆಗೆ ಕೈ ಸುಡದ ಅನುಕೂಲವೂ ಉಂಟು. ನೀರಿನ ಮಟ್ಟ ತೋರಿಸಲು ಪಕ್ಕದಲ್ಲಿ ಉದ್ದನೆಯ ಪ್ಲಾಸ್ಟಿಕ್ ಕಿಟಕಿ ಇರುವವು ನನಗೆ ಇಷ್ಟವಿಲ್ಲ. ಗಡಸು ನೀರಿಗೆ ಆ ಕಿಟಕಿ ಮಂಜಾಗಿ ಏನೂ ಕಾಣುವುದಿಲ್ಲ, ಅದರ ಅಂಚು ಕ್ಲೀನ್ ಮಾಡುವುದೂ ಕಷ್ಟ.

ಸ್ಟೀಲ್ ಯಾವುದು ಅನ್ನುವುದಕ್ಕೆ ಬೆಲೆ ಕೊಡಿ. 304 ದರ್ಜೆಯಲ್ಲಿ ಸುಮಾರು 18 ಶೇಕಡ ಕ್ರೋಮಿಯಂ, 8 ಶೇಕಡ ನಿಕ್ಕಲ್ ಇರುತ್ತದೆ. ಅಗ್ಗದವುಗಳಲ್ಲಿ ನಿಕ್ಕಲ್ ಕಡಿಮೆ ಮಾಡಿದ 201, 202 ದರ್ಜೆ ಹಾಕುತ್ತಾರೆ. ಬೋರ್ ನೀರಿನಲ್ಲಿ ಕ್ಲೋರೈಡ್ ಜಾಸ್ತಿ ಇದ್ದರೆ ಇವುಗಳಲ್ಲಿ ಸಾಸಿವೆ ಕಾಳಿನಷ್ಟು ತುಕ್ಕಿನ ಚುಕ್ಕೆ ಬೇಗ ಬೀಳುತ್ತದೆ. ಮ್ಯಾಗ್ನೆಟ್ ಹಿಡಿದು ಪರೀಕ್ಷೆ ಮಾಡುವುದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 304ಕ್ಕೂ ಮ್ಯಾಗ್ನೆಟ್ ಹಿಡಿಯುವುದಿಲ್ಲ, 202ಕ್ಕೂ ಸಾಮಾನ್ಯವಾಗಿ ಹಿಡಿಯುವುದಿಲ್ಲ. ಡಬ್ಬದ ಮೇಲೆ ದರ್ಜೆ ಬರೆದಿದೆಯಾ ನೋಡಿ. ಸುಮ್ನೆ ಸ್ಟೇನ್‌ಲೆಸ್ ಸ್ಟೀಲ್ ಅಂತಷ್ಟೇ ಇದ್ದರೆ 304 ಅಂತ ನೀವಾಗಿ ಊಹಿಸಿಕೊಳ್ಳಬೇಡಿ.

ಗಾಜಿನ ಕೆಟಲ್ ಬಗ್ಗೆ ಎರಡು ಮಾತು. ಅದರಲ್ಲಿ ಉಪ್ಪು ಕಟ್ಟುವುದಿಲ್ಲ ಅನ್ನುವುದು ಸುಳ್ಳು. ಅದರ ತಳವೂ ಸ್ಟೀಲ್ ತಟ್ಟೆಯೇ, ಅಲ್ಲಿ ಕಟ್ಟಿಯೇ ಕಟ್ಟುತ್ತದೆ. ಆದರೆ ಒಂದು ಲಾಭವಿದೆ. ಕಟ್ಟಿದ್ದು ದೂರದಿಂದಲೇ ಕಾಣುತ್ತದೆ. ಸ್ಟೀಲ್ ಕೆಟಲ್‌ನ ಮುಚ್ಚಳ ತೆಗೆದು ಇಣುಕುವ ಅಭ್ಯಾಸ ನಮಗೆ ಯಾರಿಗಿದೆ? ಗಾಜಿನದು ಅಡುಗೆಕಟ್ಟೆಯ ಮೇಲೆ ಬೆಳ್ಳಗೆ ಕೂತು ನಾಚಿಕೆ ಹುಟ್ಟಿಸುತ್ತದೆ, ಹಾಗಾಗಿ ತೆಳು ಪದರ ಇರುವಾಗಲೇ ಕ್ಲೀನ್ ಆಗುತ್ತದೆ. ಒಡೆಯುವ ಭಯ ಇಲ್ಲದ ಮನೆಯಾದರೆ ನನ್ನ ಓಟು ಗಾಜಿಗೇ.

ಮೂತಿಯ ಹತ್ತಿರ ಸಣ್ಣ ಜಾಲರಿ ಇರುತ್ತದೆ. ಅದಕ್ಕೆ ಫಿಲ್ಟರ್ ಅಂತ ಹೆಸರು. ನೀರನ್ನು ಅದು ಮೃದು ಮಾಡುವುದಿಲ್ಲ, ಎದ್ದ ಹಕ್ಕಳೆ ಲೋಟಕ್ಕೆ ಬೀಳದಂತೆ ತಡೆಯುತ್ತದೆ, ಅಷ್ಟೇ. ಬಿಚ್ಚಲು ಬರುವ ಜಾಲರಿ ಇರಲಿ. ಬಿಚ್ಚಲು ಬಾರದ್ದು ಕಟ್ಟಿಕೊಂಡರೆ ನೀರು ಮೂತಿಯ ಬದಲು ಮುಚ್ಚಳದ ಪಕ್ಕದಿಂದ ಸುರಿದು ಕೈ ಸುಡಬಹುದು.

ಇನ್ನು ಬೇಡದವು. ಕಾಫಿ ಪುಡಿಯ ಮೇಲೆ ಸಣ್ಣ ಧಾರೆಯಲ್ಲಿ ನೀರು ಸುರಿದು ಪೋರ್-ಓವರ್ ಕಾಫಿ ಮಾಡುವವರು ಈಗ ಇಷ್ಟಪಡುವ ಉದ್ದ ತೆಳು ಮೂತಿಯ ಕೆಟಲ್, ಗಡಸು ನೀರಿಗೆ ಕೆಟ್ಟ ಆಯ್ಕೆ. ಮೂತಿಯೊಳಗೆ ಏನು ಕಟ್ಟಿದೆ ಅಂತ ನೋಡುವ ದಾರಿಯೇ ಇಲ್ಲ. ಕೀಪ್ ವಾರ್ಮ್ ಬಟನ್ ಕೂಡ ನಷ್ಟದ ಬಾಬ್ತು. ಗಂಟೆಗಟ್ಟಲೆ ನೀರು ಬಿಸಿಯಾಗಿದ್ದಷ್ಟೂ ಸುಣ್ಣ ಇಳಿಯುತ್ತಲೇ ಇರುತ್ತದೆ. ಬೇಕಾದಾಗ ನಾಲ್ಕು ನಿಮಿಷದಲ್ಲಿ ಕಾಯಿಸುವ ಯಂತ್ರಕ್ಕೆ ಬಿಸಿ ಕಾಪಾಡುವ ಕೆಲಸ ಯಾಕೆ? ಹೆಚ್ಚು ಹೊತ್ತು ಬಿಸಿ ಬೇಕಾದರೆ ಫ್ಲಾಸ್ಕ್ ಇದೆ. ಇಷ್ಟು ಡಿಗ್ರಿಗೆ ನಿಲ್ಲಿಸು ಅಂತ ಹೇಳಬಹುದಾದ ಕೆಟಲ್ ಮಾತ್ರ ಸ್ವಲ್ಪ ಪ್ರಯೋಜನದ್ದು. ಗ್ರೀನ್ ಟೀಗೆ 80 ಡಿಗ್ರಿ ಸಾಕು, ಕುದಿಸದಿದ್ದರೆ ಸುಣ್ಣವೂ ಕಡಿಮೆ ಇಳಿಯುತ್ತದೆ. ಅದಕ್ಕೋಸ್ಕರವೇ ಜಾಸ್ತಿ ದುಡ್ಡು ಕೊಡುವಷ್ಟಲ್ಲ.

ಪಿಜಿಯಲ್ಲಿ ಇರುವವರ ಮೆಚ್ಚಿನ ಮಲ್ಟಿ ಕೆಟಲ್ ಈ ವಿಷಯದಲ್ಲಿ ಅಚ್ಚರಿಯಾಗಿ ಒಳ್ಳೆಯದು. ಮೂತಿ ಇಲ್ಲ, ಜಾಲರಿ ಇಲ್ಲ, ಅಗಲ ಬಾಯಿ, ಪಾತ್ರೆ ತಿಕ್ಕಿದ ಹಾಗೆ ತಿಕ್ಕಬಹುದು. ಮ್ಯಾಗಿ, ಮೊಟ್ಟೆ ಎಲ್ಲ ಬೇಯುತ್ತದೆ. ಮಾಮೂಲಿ ಕೆಟಲ್‌ನಲ್ಲಿ ಮಾತ್ರ ಹಾಲು ಕಾಯಿಸಬೇಡಿ. ಸುಣ್ಣದ ಪದರದ ಒರಟು ಮೈಗೆ ಹಾಲು ಸೀದು ಹಿಡಿದರೆ ಬಿಡಿಸುವುದು ಪ್ರಾಣಸಂಕಟ.

ಕರೆಂಟಿನ ಬಗ್ಗೆಯೂ ಗಮನ ಇರಲಿ. 1500 ವ್ಯಾಟ್ ಅಂದರೆ 230 ವೋಲ್ಟ್‌ಗೆ ಸುಮಾರು 6.5 ಆಂಪ್. ಸಣ್ಣ 6 ಆಂಪ್ ಸಾಕೆಟ್‌ಗೆ ಇದು ಹೆಚ್ಚಾಯಿತು. ಅಡುಗೆಮನೆಯ 16 ಆಂಪ್ ಪಾಯಿಂಟ್ ಬಳಸುವುದು ವಾಸಿ. ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಅಮೆರಿಕದಿಂದ ಬರುವ ನೆಂಟರು ಅಲ್ಲಿನ ಕೆಟಲ್ ತಂದುಕೊಟ್ಟರೆ ಬಳಸುವ ಮುನ್ನ ವೋಲ್ಟೇಜ್ ಓದಿ. 120 ವೋಲ್ಟಿನ ಕಾಯಿಲ್‌ಗೆ 230 ಕೊಟ್ಟರೆ ಅದು ಮೂರೂವರೆ ಪಟ್ಟಿಗಿಂತ ಹೆಚ್ಚು ಪವರ್ ಎಳೆಯುತ್ತದೆ. ಅಂದರೆ ಕ್ಷಣದಲ್ಲಿ ಸುಡುತ್ತದೆ.

ಕ್ಲೀನ್ ಮಾಡಲು ನಿಂಬೆ ಉಪ್ಪು ಸಾಕು

ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಇದಕ್ಕೆ ಹೇಳಿ ಮಾಡಿಸಿದ ವಸ್ತು. 10 ಗ್ರಾಂ ಸುಣ್ಣ ಕರಗಿಸಲು ಸುಮಾರು 13 ಗ್ರಾಂ ಬೇಕು. ಒಂದು ದೊಡ್ಡ ಚಮಚದಷ್ಟು. ಅದೇ ಕೆಲಸಕ್ಕೆ ಅಂಗಡಿಯ 4 ಶೇಕಡದ ವಿನಿಗರ್ ಆದರೆ 300 ಮಿ.ಲೀ. ಸುರಿಯಬೇಕು, ಮನೆಯೆಲ್ಲ ಉಪ್ಪಿನಕಾಯಿ ವಾಸನೆ. ನಿಂಬೆಹಣ್ಣು ಹಿಂಡಿದರೆ ಹತ್ತು ಹದಿನೈದು ಹಣ್ಣು ಬೇಕಾದೀತು. ಅಷ್ಟು ಹಣ್ಣಿಗೆ ಉಪ್ಪಿನಕಾಯಿ ಹಾಕುವುದು ಮೇಲು. ಅಡುಗೆ ಸೋಡಾ ಮತ್ತು ವಿನಿಗರ್ ಬೆರೆಸಿ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ನೊರೆ ಚೆನ್ನಾಗಿ ಬರುತ್ತದೆ, ಕೆಲಸ ಆಗುವುದಿಲ್ಲ. ಸೋಡಾ ಹುಳಿಯನ್ನು ಕೊಲ್ಲುತ್ತದೆ, ಸುಣ್ಣ ಕರಗಿಸಲು ಬೇಕಿದ್ದದ್ದೇ ಆ ಹುಳಿ.

ಕೆಟಲ್‌ನಲ್ಲಿ ಉಪ್ಪು ಕಟ್ಟಿದ ಮಟ್ಟದವರೆಗೆ ನೀರು ಹಾಕಿ, ಕೈಗೆ ಚೆನ್ನಾಗಿ ಬಿಸಿ ತಾಗುವಷ್ಟು ಕಾಯಿಸಿ, ಸ್ವಿಚ್ ಆರಿಸಿ ಪ್ಲಗ್ ತೆಗೆಯಿರಿ. ಆಮೇಲೆ ನಿಂಬೆ ಉಪ್ಪು ಸ್ವಲ್ಪ ಸ್ವಲ್ಪವೇ ಹಾಕಿ. ಬುರುಬುರು ಅಂತ ನೊರೆ ಬರುವುದು ಕಾರ್ಬನ್ ಡೈಆಕ್ಸೈಡ್. ಅರ್ಧ ಗಂಟೆ ಬಿಡಿ. ಚೆಲ್ಲಿ, ಮೆತ್ತಗಿನ ಸ್ಪಂಜಿನಿಂದ ಒರೆಸಿ, ಒಮ್ಮೆ ಬರೀ ನೀರು ಕುದಿಸಿ ಚೆಲ್ಲಿ. ಜಾಲರಿಯನ್ನೂ ಅದೇ ನೀರಿನಲ್ಲಿ ನೆನೆಸಬಹುದು. ಕುದಿಯುವ ನೀರಿಗೆ ಪುಡಿ ಸುರಿಯುವುದು ಎರಡು ಕಾರಣಕ್ಕೆ ತಪ್ಪು. ನೊರೆ ಉಕ್ಕಿ ಕೈ ಸುಡಬಹುದು. ಜೊತೆಗೆ ಈಗ ಉಂಟಾಗುವ ಕ್ಯಾಲ್ಸಿಯಂ ಸಿಟ್ರೇಟ್ ಕೂಡ ಬಿಸಿ ಹೆಚ್ಚಾದಷ್ಟೂ ಕಡಿಮೆ ಕರಗುವ ಜಾತಿ. ಜಾಸ್ತಿ ಪುಡಿ, ಜಾಸ್ತಿ ಬಿಸಿ ಅಂದರೆ ಒಂದು ಬಿಳಿ ಪದರ ಹೋಗಿ ಇನ್ನೊಂದು ಬಿಳಿ ಪುಡಿ ಕೂರುತ್ತದೆ.

ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಹಾಕಬೇಡಿ. ಅದರಲ್ಲಿನ ಹೈಡ್ರೋಕ್ಲೋರಿಕ್ ಆಮ್ಲ ಸುಣ್ಣದ ಜೊತೆ ಸ್ಟೀಲನ್ನೂ ತಿನ್ನುತ್ತದೆ. ಬ್ಲೀಚ್ ಜೊತೆ ಯಾವ ಹುಳಿಯನ್ನೂ ಬೆರೆಸಬಾರದು, ವಿಷಗಾಳಿ ಬರುತ್ತದೆ. ಸ್ಟೀಲ್ ಸ್ಕ್ರಬ್ಬರ್‌ನಿಂದ ಉಜ್ಜಿದರೆ ಗೀರು ಬೀಳುತ್ತದೆ, ಮುಂದಿನ ಸಲ ಸುಣ್ಣಕ್ಕೆ ಹಿಡಿದುಕೊಳ್ಳಲು ಇನ್ನೂ ಸುಲಭ. ಇಡೀ ಕೆಟಲ್ ನೀರಿನಲ್ಲಿ ಮುಳುಗಿಸುವುದಂತೂ ಬೇಡ, ತಳದ ಕನೆಕ್ಟರ್ ಒದ್ದೆಯಾಗಬಾರದು.

ಎರಡು ಅಭ್ಯಾಸ ಇಟ್ಟುಕೊಂಡರೆ ಕ್ಲೀನ್ ಮಾಡುವ ಕೆಲಸ ಅರ್ಧಕ್ಕರ್ಧ ಕಡಿಮೆ. ಬೇಕಾದಷ್ಟೇ ನೀರು ಹಾಕುವುದು, ಉಳಿದದ್ದನ್ನು ಚೆಲ್ಲಿ ಮುಚ್ಚಳ ತೆರೆದಿಡುವುದು. ಉಳಿದ ನೀರಿನ ಮೇಲೇ ಹೊಸ ನೀರು ತುಂಬುತ್ತಾ ಹೋದರೆ ಲವಣಗಳು ದಿನದಿನಕ್ಕೆ ಗಾಢವಾಗುತ್ತವೆ. ಆಗ ನಿಂಬೆ ಉಪ್ಪಿಗೂ ಜಗ್ಗದ ಸಲ್ಫೇಟ್ ಪದರ ಕಟ್ಟಲು ಶುರುವಾಗಬಹುದು.

ಆರ್‌ಒ ನೀರು ಹಾಕಿದರೆ?

ಆರ್‌ಒ ಗಡಸುತನವನ್ನು ಬಹುಪಾಲು ತೆಗೆದುಬಿಡುತ್ತದೆ. ಕುಡಿಯಲು ಹೇಗೂ ಆರ್‌ಒ ಇದ್ದರೆ ಕೆಟಲ್‌ಗೂ ಅದನ್ನೇ ಹಾಕಿ. ಮೇಲೆ ಹೇಳಿದ್ದರಲ್ಲಿ ಅರ್ಧದಷ್ಟು ಚಿಂತೆ ಬಿಡಬಹುದು, ಉದ್ದ ಮೂತಿಯ ಕೆಟಲ್ಲನ್ನೂ ತರಬಹುದು. ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನ್ ನೀರೂ ಸಾಮಾನ್ಯವಾಗಿ ಆರ್‌ಒ ನೀರೇ. ಯುವಿ ಪ್ಯೂರಿಫೈಯರ್ ಇದ್ದರೆ ಮಾತು ಬೇರೆ. ಅದು ಕ್ರಿಮಿ ಕೊಲ್ಲುತ್ತದೆ, ಸುಣ್ಣವನ್ನು ಮುಟ್ಟುವುದಿಲ್ಲ. ಅಪಾರ್ಟ್‌ಮೆಂಟ್‌ನ ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ. ಕೆಟಲ್‌ನಲ್ಲಿ ಪದರ ಕಟ್ಟುವುದಿಲ್ಲ, ಆದರೆ ಟಿಡಿಎಸ್ ಮೀಟರ್ ಮೊದಲಿನಷ್ಟೇ ತೋರಿಸುತ್ತದೆ. ಅದನ್ನು ನೋಡಿ ಸಾಫ್ಟ್‌ನರ್ ಕೆಟ್ಟಿದೆ ಅಂತ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಜಗಳ ಆಡಬೇಡಿ.

ಒಂದು ವಿಷಯ ಮಾತ್ರ ಗಂಭೀರ. ಪಾವಗಡ, ಕೋಲಾರ, ಚಿತ್ರದುರ್ಗದಂಥ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಇದೆ. ಮಾನಕದ ಪ್ರಕಾರ ಲೀಟರ್‌ಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ನೈಟ್ರೇಟ್‌ಗೂ ಇದೇ ಮಾತು. ಅಂಥ ಊರುಗಳಲ್ಲಿ ಕುದಿಸಿ ಆರಿಸಿದ ಬೋರ್ ನೀರು ಅಂತ ನೆಮ್ಮದಿಯಿಂದ ಕುಡಿಯುವ ಮುನ್ನ ನೀರನ್ನು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ.

ಕೊನೆಗೆ ವಾರಂಟಿ. ಕಾರ್ಡಿನ ಸಣ್ಣ ಅಕ್ಷರದಲ್ಲಿ ಉಪ್ಪು ಕಟ್ಟಿ ಆದ ಹಾನಿಗೆ ನಾವು ಹೊಣೆಯಲ್ಲ ಅಂತ ಬಹಳಷ್ಟು ಕಂಪನಿಗಳು ಬರೆದಿರುತ್ತವೆ. ಸರ್ವಿಸ್‌ಗೆ ಕೊಡುವ ಮೊದಲು ತಳವನ್ನು ಫಳಫಳ ಮಾಡಿಕೊಂಡೇ ಹೋಗಿ. ಹಾಗೆ ತೊಳೆದ ಮೇಲೂ ಬೇಸ್‌ನ ಮೇಲೆ ನೀರಿನ ಹನಿ ಕಾಣುತ್ತಿದ್ದರೆ, ಪ್ಲಗ್ ಹಾಕಿದಾಗ ಎಂಸಿಬಿ ಬೀಳುತ್ತಿದ್ದರೆ ಇನ್ನೊಂದು ಸಲ ಆನ್ ಮಾಡಿ ನೋಡುವ ಸಾಹಸ ಬೇಡ. ಸಾವಿರ ರೂಪಾಯಿಯ ಕೆಟಲ್‌ನ ತಳ ಬಿಚ್ಚಿ ಸೀಲ್ ಬದಲಿಸುವವರು ಸಿಗುವುದು ಕಷ್ಟ. ಸಿಕ್ಕರೂ ಆ ಖರ್ಚಿಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತದೆ.